ಸುಗಲಮ್ಮ ತುಂಬಿದ ಮುಟ್ಟಿನ ಪುಸ್ತಕ

ಸುಗಲಮ್ಮನ ಸೇಡಿನ ಕತೆ ಹೇಳುವ ಮೊದಲು ನನ್ನ ಮಾನ ನಾನೇ ಕಳೆದುಕೊಳ್ಳಬೇಕು. ನಾನು ಕೃಪಾ, ಮೈಸೂರಿನವಳು. ಹೊಸ ಔಷಧಿಗಳನ್ನು ಜನರಿಗೆ ಕೊಟ್ಟು ಪರೀಕ್ಷಿಸುವಾಗ ಆಸ್ಪತ್ರೆಯ ಕಾಗದಪತ್ರ ನೆಟ್ಟಗಿದೆಯೇ ಎಂದು ನೋಡುವ ಕಂಪನಿಯೊಂದರಲ್ಲಿ, ಹೈದರಾಬಾದಿನಲ್ಲಿ ನನಗೆ ಕೆಲಸ. ತಿಂಗಳಿಗೊಮ್ಮೆ ಹಿಮಾಯತ್‌ನಗರದ ಒಂದು ನರ್ಸಿಂಗ್ ಹೋಮಿಗೆ ಹೋಗಿ, ಎಸಿ ಕೋಣೆಯಲ್ಲಿ ಕೂತು, ಫೈಲು ತಿರುವಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿ ಬರುತ್ತಿದ್ದೆ. ಆ ಕೋಣೆಗೆ ಚಹಾ ತರುತ್ತಿದ್ದ ಆಯಾ ಸುಗಲಮ್ಮ. ತಿಂಗಳುಗಟ್ಟಲೆ ಅವಳು ಮಾಡಿದ ಚಹಾ ಕುಡಿದೆ, ಅವಳು ಬರೆದ ಪುಸ್ತಕಗಳನ್ನು ಓದಿದೆ. ಎರಡೂ ಒಂದೇ ಕೈಯ ಕೆಲಸ ಎಂದು ನನ್ನ ಮಂಕುಬುದ್ಧಿಗೆ ಹೊಳೆಯಲಿಲ್ಲ.

ಸುಗಲಮ್ಮ ಸುರಪುರದ ಕಡೆಯವಳು. ಇಪ್ಪತ್ತು ವರ್ಷದ ಹಿಂದೆ ಗಂಡ ಮಲ್ಲಣ್ಣನ ಜೊತೆ ಇಲ್ಲಿಗೆ ಬಂದಳು. ಗೌಂಡಿ ಕೆಲಸದ ಮಲ್ಲಣ್ಣ ನಾಲ್ಕನೇ ಅಂತಸ್ತಿನಿಂದ ಬಿದ್ದಾಗ, ಆಸ್ಪತ್ರೆಗೆ ಒಯ್ಯಲು ಗುತ್ತಿಗೆದಾರ ತನ್ನ ಜೀಪು ಕೊಡಲಿಲ್ಲ. ಸೀಟು ಕೆಡುತ್ತದೆ ಎಂದ. ಮಲ್ಲಣ್ಣ ಅಲ್ಲೇ ಸತ್ತ. ಎಂಟು ವರ್ಷದ ನಂತರ ಅದೇ ಗುತ್ತಿಗೆದಾರನ ಹೆಂಡತಿ ಹೆರಿಗೆಗೆಂದು ಸುಗಲಮ್ಮನ ನರ್ಸಿಂಗ್ ಹೋಮಿಗೇ ಬಂದಳು. ಸುಗಲಮ್ಮ ಅವಳನ್ನು ಮಗಳಂತೆ ನೋಡಿಕೊಂಡಳು. ಮೂರು ದಿನ ತಲೆ ಬಾಚಿದಳು, ಬಾಚುತ್ತಾ ಮಲ್ಲಣ್ಣ ಹೇಗೆ ಸತ್ತನೆಂದು ಮೂರು ದಿನವೂ ಬಿಡಿಸಿ ಬಿಡಿಸಿ ಹೇಳಿದಳು. ಆ ಹೆಂಗಸು ಮನೆಗೆ ಹೋದ ಮೇಲೆ ಆರು ತಿಂಗಳು ಗಂಡನ ಜೊತೆ ಮಾತು ಬಿಟ್ಟಿದ್ದಳಂತೆ. ಇದನ್ನು ನನಗೆ ಹೇಳುವಾಗ ಸುಗಲಮ್ಮನ ಮುಖದಲ್ಲಿ ಹಬ್ಬದ ಕಳೆಯಿತ್ತು.

ಇಂಥವಳನ್ನು ಕೆಣಕಿದವರು ನರ್ಸಿಂಗ್ ಹೋಮಿನ ಯಜಮಾನರಾದ ಡಾಕ್ಟರ್ ವಿಶ್ವಜಿತ್. ಮಕ್ಕಳಿಲ್ಲದವರಿಗೆ ಮಕ್ಕಳಾಗುವಂತೆ ಮಾಡುತ್ತಾರೆಂದು ಹೆಸರಾದವರು. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುವ ಹೆಂಗಸರಿಗೆಂದು ಒಂದು ಹೊಸ ಮಾತ್ರೆ ಬಂದಿತ್ತು. ಅದರ ಪರೀಕ್ಷೆಗೆ ಅವರಿಗೆ ನಲವತ್ತು ಹೆಂಗಸರು ಬೇಕಿತ್ತು. ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಇರುವ ಹೆಂಗಸರನ್ನು ಕನ್ನಡದಲ್ಲಿ ಮಾತಾಡಿಸಿ ಕರೆತಂದವಳು ಸುಗಲಮ್ಮ.

ಪ್ರತಿಯೊಬ್ಬಳಿಗೂ ಒಂದು ಚಿತ್ರದ ಪುಸ್ತಕ ಕೊಟ್ಟಿದ್ದರು. ದಿನಕ್ಕೊಂದು ಪುಟ. ಬಟ್ಟೆಯ ಮೇಲೆ ಸಣ್ಣ ಕಲೆ, ದೊಡ್ಡ ಕಲೆ, ಪೂರ್ತಿ ಕೆಂಪು, ಹೀಗೆ ಚಿತ್ರಗಳು. ಮುಟ್ಟಾದ ದಿನ ಎಷ್ಟು ಹೋಯಿತೋ ಆ ಚಿತ್ರಕ್ಕೆ ಗುರುತು ಹಾಕಬೇಕು. ಇದನ್ನು ಯೋಚಿಸಿದ ಮಹಾನುಭಾವರು ಯಾವ ದೇಶದವರೋ! ಈ ಹೆಂಗಸರು ಹೊರಗಾದಾಗ ಪುಸ್ತಕ ಮುಟ್ಟುವುದಿಲ್ಲ, ಅದು ಸರಸ್ವತಿ. ಬರೆಯಬೇಕಾದ ದಿನಗಳಲ್ಲೇ ಪುಸ್ತಕ ದೇವರ ಗೂಡು ಸೇರುತ್ತಿತ್ತು. ಮೊದಲ ತಿಂಗಳು ನಲವತ್ತು ಪುಸ್ತಕಗಳೂ ಖಾಲಿ ಬಂದವು. ಕೆಲವು ಪುಸ್ತಕಗಳ ರಟ್ಟಿಗೆ ಕುಂಕುಮ ಹಚ್ಚಿತ್ತು.

ಡಾಕ್ಟರು ತಲೆ ಚಚ್ಚಿಕೊಂಡು, ಕೇಳಿ ಕೇಳಿ ನೀನೇ ತುಂಬು ಎಂದು ಸುಗಲಮ್ಮನಿಗೆ ಪೆನ್ನು ಕೊಟ್ಟರು. ಅವಳು ಒಬ್ಬೊಬ್ಬಳನ್ನೂ ಕೇಳಿಯೇ ತುಂಬಿದಳು. ಎರಡು ತಿಂಗಳಾದ ಮೇಲೆ ಡಾಕ್ಟರು, ಕೇಳುತ್ತಾ ಕೂರಬೇಡ, ಹೋದ ತಿಂಗಳಿಗಿಂತ ಸ್ವಲ್ಪ ಕಡಿಮೆ ತೋರಿಸುತ್ತಾ ಹೋಗು ಎಂದರು. ಅದನ್ನೂ ಮಾಡಿದಳು. ತಿಂಗಳ ಕೊನೆಯ ಪುಟದಲ್ಲಿ 'ನಾನೇ ಪರೀಕ್ಷಿಸಿದ್ದೇನೆ, ಗರ್ಭಕೋಶ ಸಹಜವಾಗಿದೆ' ಎಂಬ ಅಚ್ಚಾದ ಸಾಲಿತ್ತು. ಅದರ ಕೆಳಗೆ ಡಾಕ್ಟರು ಫೋನಿನಲ್ಲಿ ಹರಟುತ್ತಲೇ ಸಹಿ ಹಾಕುತ್ತಿದ್ದರು, ಒಂದೇ ಉಸಿರಿಗೆ ನಲವತ್ತು.

ಆ ನಲವತ್ತರಲ್ಲಿ ಒಬ್ಬಳು ಗಂಗಾ, ಸುಗಲಮ್ಮನ ಅಕ್ಕನ ಮಗಳು. ಇಪ್ಪತ್ನಾಲ್ಕು ವರ್ಷ, ಮದುವೆಯಾಗಿ ಎರಡು ವರ್ಷ. ತಿಂಗಳಿಗೆ ಹತ್ತು ದಿನ ರಕ್ತ ಹೋಗಿ ಇಟ್ಟಿಗೆ ಹೊರಲಾಗದೆ ಕೂತುಬಿಡುತ್ತಿದ್ದಳು. ಮಾತ್ರೆ ನುಂಗುವಾಗ ಬಸಿರಾಗಬಾರದು ಎಂಬ ಷರತ್ತಿತ್ತು. ಮೊಮ್ಮಗನಿಗಾಗಿ ಹಾತೊರೆಯುತ್ತಿದ್ದ ಅತ್ತೆ ಅನ್ನಮ್ಮನಿಗೆ ಇದು ತಿಳಿದರೆ ಮನೆಯಲ್ಲಿ ರಂಪವಾಗುತ್ತದೆಂದು ಗಂಗಾ ಮಾತ್ರೆಯ ವಿಷಯವನ್ನು ಗಂಡ ಬಸುವಿಗೂ ಹೇಳಿರಲಿಲ್ಲ.

ನಾಲ್ಕನೇ ತಿಂಗಳು ಅವಳಿಗೆ ಹೊಟ್ಟೆ ಹಿಂಡುವ ನೋವು ಬಂತು, ರಕ್ತ ಇನ್ನೂ ಹೆಚ್ಚಾಯಿತು. ಸುಗಲಮ್ಮ ಡಾಕ್ಟರರ ಮುಂದೆ ನಿಂತು ಮೂರು ದಿನ ಹೇಳಿದಳು. ಮೂರು ದಿನವೂ ಅವರು, ಶುರುವಿಗೆ ಹಾಗೇ, ಮಾತ್ರೆ ಬಿಡಬೇಡ ಅನ್ನು ಎಂದರು. ನಾಲ್ಕನೇ ದಿನ ಗಂಗಾ ನೀರಿನ ತೊಟ್ಟಿಯ ಹತ್ತಿರ ಕುಸಿದು ಬಿದ್ದಳು. ಕೋಠಿಯ ಕಡೆಯ ಸರ್ಕಾರಿ ಆಸ್ಪತ್ರೆಗೆ ಆಟೋದಲ್ಲಿ ಒಯ್ದರು. ಅಲ್ಲಿನವರು ಜೀವ ಉಳಿಸಿದರು, ಗರ್ಭಕೋಶ ಉಳಿಸಲಾಗಲಿಲ್ಲ.

ಆಸ್ಪತ್ರೆಯಿಂದ ಬಂದ ದಿನವೇ ಅನ್ನಮ್ಮ ಗಂಗಾಳ ಟ್ರಂಕಿನಲ್ಲಿದ್ದ ಮಾತ್ರೆಯ ಪಟ್ಟಿಗಳನ್ನು ಹೊರಗೆ ತಂದು ಶೆಡ್ಡಿನ ಹೆಂಗಸರ ಮುಂದೆ ಹಿಡಿದಳು. "ಕಳ್ಳತನದಿಂದ ಹೊಟ್ಟಿ ಇಳಿಸಿಕೊಂಡಾಳ ನೋಡ್ರಿ! ಯಾರ ಬಸಿರಿತ್ತೋ ಯಾರಿಗೆ ಗೊತ್ತು!" ಎಂದು ಕೂಗಿದಳು. ಬಸು ಬಾಯಿ ಬಿಡಲಿಲ್ಲ. ಗಂಗಾ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಚಿಗವ್ವ ಸುಗಲಮ್ಮನ ಕೋಣೆಗೆ ಬಂದಳು.

ಮಾತ್ರೆ ಯಾತರದ್ದು, ಏನಾಯಿತು ಎಂದು ಡಾಕ್ಟರು ಒಂದು ಕಾಗದ ಬರೆದುಕೊಟ್ಟರೆ ಹುಡುಗಿಯ ಹೆಸರು ಉಳಿಯುತ್ತಿತ್ತು. ಸುಗಲಮ್ಮ ಸರ್ಕಾರಿ ಆಸ್ಪತ್ರೆಯ ಚೀಟಿ ಹಿಡಿದುಕೊಂಡು ಹೋಗಿ ಕೈಮುಗಿದು ಕೇಳಿದಳು. ಡಾಕ್ಟರು ಚೀಟಿ ಓದಿದರು, ಮಡಚಿ ವಾಪಸು ಕೊಟ್ಟರು.

"ಇದನ್ನು ಮನೆಯಲ್ಲೇ ಇಡು," ಎಂದರು ತೆಲುಗಿನಲ್ಲಿ. "ಅವಳ ಪುಸ್ತಕ ನಿಲ್ಲಿಸಬೇಡ. ಖಾಲಿ ಬಿಡು, ಅಷ್ಟೇ. ಈಗ ರಕ್ತ ಹೋಗುವುದಿಲ್ಲವಲ್ಲ, ಔಷಧಿ ಚೆನ್ನಾಗಿ ಕೆಲಸ ಮಾಡಿದೆ ಎಂದೇ ಲೆಕ್ಕ."

ತಿಂಗಳುಗಳ ನಂತರ ಸುಗಲಮ್ಮನಿಂದ ಈ ಮಾತು ಕೇಳಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಹುಡುಗಿಯ ಗರ್ಭಕೋಶ ಹೋದದ್ದನ್ನು ಔಷಧಿಯ ಗೆಲುವು ಎಂದು ಬರೆಸುವವನನ್ನು ಏನೆಂದು ಕರೆಯುವುದು? ಸುಗಲಮ್ಮ ಮಾತ್ರ ಅವತ್ತು ಕೂಗಾಡಲಿಲ್ಲ. "ಆಯ್ತು ಸಾರ್" ಎಂದು ಬಂದಳು.

ಪುಸ್ತಕವನ್ನು ಅವಳು ಖಾಲಿ ಬಿಡಲಿಲ್ಲ. ಮುಂದಿನ ತಿಂಗಳು ಗಂಗಾಳ ಪುಸ್ತಕದಲ್ಲಿ ಐದು ದಿನ ಗುರುತು ಹಾಕಿದಳು: ಎರಡು ದಿನ ಪೂರ್ತಿ ಕೆಂಪು, ಎರಡು ದಿನ ದೊಡ್ಡ ಕಲೆ, ಒಂದು ದಿನ ಸಣ್ಣದು. ಗರ್ಭಕೋಶವೇ ಇಲ್ಲದ ಹುಡುಗಿಯನ್ನು ಕಾಗದದ ಮೇಲೆ ಮುಟ್ಟಾಗಿಸಿದಳು. ಉಳಿದ ಮೂವತ್ತೊಂಬತ್ತರ ನಡುವೆ ಅದನ್ನು ಸೇರಿಸಿ ಡಾಕ್ಟರರ ಮುಂದಿಟ್ಟಳು. ಅವರು ಫೋನಿನಲ್ಲಿ ನಗುತ್ತಾ, ನಾನೇ ಪರೀಕ್ಷಿಸಿದ್ದೇನೆ ಎಂಬ ಸಾಲಿನ ಕೆಳಗೆ ಸಹಿ ಎಳೆದರು. ಹೀಗೆ ಮೂರು ತಿಂಗಳು. ಮೂರು ಸಲವೂ ಅದನ್ನು ನೋಡಿ ಸರಿಯಿದೆ ಎಂದು ನನ್ನ ಸಹಿಯನ್ನೂ ಹಾಕಿದೆ.

ಮೂರನೇ ಸಹಿ ಬಿದ್ದ ದಿನ ಸುಗಲಮ್ಮ ಚಹಾದ ಜೊತೆ ಸರ್ಕಾರಿ ಆಸ್ಪತ್ರೆಯ ಚೀಟಿ ತಂದು ನನ್ನ ಮುಂದಿಟ್ಟಳು.

"ಮೇಡಮ್ಮಾರ, ಗಂಗಾನ ಪುಸ್ತಕ ಓದಿದ್ರಲ್ಲ, ಇದನ್ನೂ ಓದ್ರಿ."

ಓದಿದೆ. ಆಪರೇಷನ್ನಿನ ತಾರೀಖು ನೋಡಿದೆ, ಪುಸ್ತಕದ ತಾರೀಖು ನೋಡಿದೆ.

"ಇದನ್ನು ತುಂಬಿದ್ದು ಯಾರು?"

"ನಾನss ತುಂಬೀನ್ರಿ. ಎಲ್ಲಾರದೂ ನಾನss."

"ಆವತ್ತೇ ನನಗೆ ಯಾಕೆ ಹೇಳಲಿಲ್ಲ ಸುಗಲಮ್ಮ?"

"ಹೇಳಿದ್ರ ಏನ್ ಮಾಡ್ತಿದ್ರಿ? ಅವರನ್ನ ಕೇಳ್ತಿದ್ರಿ. ಅವರು ಮರತು ಬಿಟ್ಟೆ ಅಂತಿದ್ರು. ನೀವು ತಪ್ಪಿನ ಮ್ಯಾಲ ಒಂದು ಗೆರಿ ಎಳಿಸಿ, ಬಾಜೂಕ ಸೈ ಮಾಡಿಸಿ, ತಾರೀಖು ಹಾಕಿಸ್ತಿದ್ರಿ. ಇಷ್ಟು ತಿಂಗಳಿಂದ ನೋಡೀನ್ರಿ ನಿಮ್ಮ ಕೆಲಸ. ಈಗ ಎಳೀರಿ ನೋಡೋಣು ಗೆರಿ. ಇಲ್ಲದ ಗರ್ಭಚೀಲಾನ ಮೂರು ಸಲ ತಪಾಸ ಮಾಡೀನಿ ಅಂತ ಸೈ ಮಾಡ್ಯಾನವ."

"ನಿನ್ನ ಕೆಲಸವೂ ಹೋಗುತ್ತದೆ."

"ಹೋಗ್ಲಿ ಬಿಡ್ರಿ. ಅವನು ಹೋಗೂದು ನೋಡಾಕ ಪುರುಸೊತ್ತು ಸಿಗತೈತಿ."

ಅವತ್ತೇ ಕಂಪನಿಗೆ ವರದಿ ಬರೆದೆ. ನನ್ನ ಮೂರು ಸಹಿಗಳನ್ನೂ ಬರೆದೆ. ಧೈರ್ಯದಿಂದಲ್ಲ, ಮುಚ್ಚಿಡಲು ದಾರಿಯಿಲ್ಲದ್ದರಿಂದ. ಸೋಮವಾರ ತನಿಖೆಯವರು ಬರುವುದೆಂದಾಯಿತು.

ಭಾನುವಾರ ಮಧ್ಯಾಹ್ನ ಚೀಟಿಯ ನಕಲಿಗೆಂದು ನಾನು ಮೆಹದಿಪಟ್ಟಣಂನ ಆ ಕೋಣೆಯಲ್ಲಿದ್ದೆ. ತನಿಖೆಯ ಸುದ್ದಿ ತಿಳಿದು ಡಾಕ್ಟರ್ ವಿಶ್ವಜಿತ್ ಬಂದರು. ನನ್ನನ್ನು ಕಂಡು ಮುಖ ಕಪ್ಪಿಟ್ಟಿತು, ಆದರೂ ಕೂತರು. ಸುಗಲಮ್ಮ ನಿಂತೇ ಇದ್ದಳು.

"ಪುಸ್ತಕಗಳು ಅದಲುಬದಲಾದವು, ಗಂಗಾಳದ್ದೆಂದು ಬೇರೆಯವಳದ್ದು ತುಂಬಿದೆ ಎಂದು ಹೇಳಿಬಿಡು ಸುಗಲಮ್ಮ. ಒಂದು ಮಾತು." ಆಮೇಲೆ ಅವರು ಗಂಗಾಳ ಕಡೆ ತಿರುಗಿದರು. ಬೆಣ್ಣೆಯಂಥ ದನಿ. "ನಿನ್ನ ಅಂಡಾಶಯ ಹಾಗೇ ಇದೆಯಮ್ಮ. ಬೀಜ ನಿನ್ನದೇ, ಇನ್ನೊಬ್ಬಳ ಹೊಟ್ಟೆಯಲ್ಲಿ ಬೆಳೆಸಬಹುದು. ಎಲ್ಲ ಖರ್ಚು ನನ್ನದು. ನಿನ್ನ ಮಗುವನ್ನು ನಿನ್ನ ಮಡಿಲಿಗೆ ಹಾಕುವ ಜವಾಬ್ದಾರಿ ನನ್ನದು."

ಗಂಗಾ ತಲೆಯೆತ್ತಿದಳು. ಮೂರು ತಿಂಗಳಿಂದ ಸತ್ತಂತಿದ್ದ ಮುಖಕ್ಕೆ ಜೀವ ಬಂತು. ಸುಗಲಮ್ಮ ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸೇಡು ತೀರಿಸಿಕೊಳ್ಳಲು ಇನ್ನೊಂದು ದಿನ ಉಳಿದಿತ್ತು. ಆದರೆ ಮಗು ಬೇಕು ಎಂದು ಹುಡುಗಿ ಅಂದುಬಿಟ್ಟರೆ ಬೇಡ ಎನ್ನುವ ಎದೆ ಅವಳಿಗಿರಲಿಲ್ಲ. ಅವಳು ಗೋಡೆ ಹಿಡಿದು ಕೂತಳು. ಹಾಗೆ ಮಗು ಪಡೆಯಲು ಕಾನೂನಿನಲ್ಲಿ ನೂರು ತೊಡಕಿದೆ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದೆ, ಗಂಗಾ ಕೈಯಲ್ಲೇ ತಡೆದಳು.

"ನಮ್ಮ ಮನಿಯವರಿಗೆ ಈಗ ಫೋನ್ ಹಚ್ಚಿಕೊಡ್ತೀನ್ರಿ," ಎಂದಳು. "ಆ ಮಾತ್ರಿ ನೀವು ಕೊಟ್ಟಿದ್ದು, ಬಿಡಬ್ಯಾಡ ಅಂದವರು ನೀವು, ಅದಕ್ಕ ಹಿಂಗಾತು ಅಂತ ಹೇಳ್ರಿ. ನಮ್ಮತ್ತಿ ನಾ ಹೊಟ್ಟಿ ಇಳಿಸ್ಕೊಂಡೀನಿ ಅಂದಾಳ. ಮದ್ಲ ಅದನ್ನ ತೆಗೀರಿ. ಕೂಸಿನ ಮಾತು ಆಮ್ಯಾಲ."

"ಆದದ್ದು ಆಗಿಹೋಯಿತು. ಅದೆಲ್ಲ ಈಗ ಯಾಕಮ್ಮ?" ಎಂದರು ಡಾಕ್ಟರು.

ಗಂಗಾ ಎದ್ದು ಬಾಗಿಲು ಪೂರ್ತಿ ತೆರೆದಳು. "ಒಂದು ಮಾತು ಕೊಡಾಕ ಆಗದವರು ಕೂಸು ಏನು ಕೊಡ್ತೀರಿ? ಎದ್ದು ಹೋಗ್ರಿ."

ಆಮೇಲಿನದ್ದನ್ನು ಹೇಳುವಾಗ ನನಗೆ ಖುಷಿಯಾಗುತ್ತದೆ, ಮುಚ್ಚುಮರೆ ಯಾಕೆ. ತನಿಖೆಯವರ ಮುಂದೆ ಡಾಕ್ಟರು ಮೊದಲು, ಗಂಗಾಳನ್ನು ನಾನೇ ನೋಡಿದ್ದೇನೆ ಎಂದರು. ಆಪರೇಷನ್ ಚೀಟಿ ತೋರಿಸಿದ ಮೇಲೆ, ನೋಡಿರಲಿಲ್ಲ ಎಂದರು. ಹೇಗೆ ಹೇಳಿದರೂ ಸಿಕ್ಕಿಬಿದ್ದರು. ಬಾಗಿಲ ಹೊರಗೆ ಸುಗಲಮ್ಮ ಎಲೆ ಅಡಿಕೆ ಮೆಲ್ಲುತ್ತಾ ಪ್ರತಿ ಮಾತೂ ಕೇಳಿಸಿಕೊಂಡಳು. ಪರೀಕ್ಷೆ ನಿಂತಿತು, ಉಳಿದ ಹೆಂಗಸರನ್ನು ಬೇರೆ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿದರು. ಡಾಕ್ಟರರ ಮೇಲೆ ಕೇಸಾಯಿತು, ಅವರ ಹೆಸರಿನ ಬೋರ್ಡು ಇಳಿಯಿತು. ಸುಗಲಮ್ಮನ ಕೆಲಸ ಹೋಯಿತು. ನನಗೆ ಎಚ್ಚರಿಕೆಯ ಪತ್ರ ಸಿಕ್ಕಿತು.

ಗಂಗಾಳ ಹೆಸರಿಗೂ ತನಿಖೆಯವರಿಂದ ಒಂದು ಪತ್ರ ಬಂತು. ಅನಾಹುತಕ್ಕೆ ಪರೀಕ್ಷೆಯ ಮಾತ್ರೆಯೇ ಕಾರಣವಿರಬೇಕು, ನೋವು ಶುರುವಾದಾಗಲೇ ಡಾಕ್ಟರು ಅದನ್ನು ನಿಲ್ಲಿಸಬೇಕಿತ್ತು, ಆಕೆ ಬಸಿರಿಯಾಗಿರಲಿಲ್ಲ ಎಂದು ಅದರಲ್ಲಿತ್ತು. ಸುದ್ದಿ ತಿಳಿದ ಬಸು ಅತ್ತುಕೊಂಡು ಬಂದು, ಮನೆಗೆ ನಡಿ ಎಂದ. ಗಂಗಾ ನನ್ನನ್ನೂ ಚಿಗವ್ವನನ್ನೂ ಕರೆದುಕೊಂಡು ಅವನ ಹಿಂದೆ ಶೆಡ್ಡಿಗೆ ಹೋದಳು. ಕೆಲಸ ಬಿಟ್ಟು ಬಂದ ಹೆಂಗಸರೆಲ್ಲ ನೀರಿಗೆ ನಿಂತಿದ್ದರು. ನಾನು ಪತ್ರವನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ.

"ಅತ್ತಿ, ಇಲ್ಲೇ ನಿಂತು ಒದರಿದ್ದಿ. ಇಲ್ಲೇ ಹೇಳು, ಸುಳ್ಳು ಅಂತ," ಎಂದಳು ಗಂಗಾ.

ಅನ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಸುಳ್ಳು ಹೇಳಿದೆ ನಮ್ಮವ್ವ," ಎಂದಳು ಕೊನೆಗೆ. "ಗಟ್ಯಾಗಿ," ಎಂದಳು ಗಂಗಾ. ಅನ್ನಮ್ಮ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದಳು. ಬಸು ಹೆಂಡತಿಯ ಕೈ ಹಿಡಿಯಲು ಬಂದ.

"ನೀ ಅವತ್ತು ಸುಮ್ಮನಿದ್ದಿ. ಇವತ್ತೂ ಸುಮ್ಮನಿರು," ಎಂದು ಅವಳು ಕೈ ಬಿಡಿಸಿಕೊಂಡಳು.

ಸುಗಲಮ್ಮನ ಕಣ್ಣು ತುಂಬಿತ್ತು. ನಾನು ಒಳ್ಳೆಯವರ ಪಕ್ಷದಲ್ಲಿ ನಿಂತಿದ್ದೇನೆ ಎಂಬ ಹಮ್ಮಿನಲ್ಲಿ ಪತ್ರ ಮಡಚುತ್ತಿದ್ದೆ. ಗಂಗಾ ನನ್ನ ಕಡೆ ತಿರುಗಿದಳು.

"ಅಕ್ಕಾರ, ನೀವೂ ಮೂರು ಸಲ ಸೈ ಮಾಡೀರಂತಲ್ಲ."

"ಹೌದು."

"ನನ್ನ ಮಾರಿ ಒಮ್ಮೆರೆ ನೋಡಿದ್ರೇನ್ರಿ?"

"ಇಲ್ಲ ಗಂಗಾ."

"ನನಗ ಹೇಳಬ್ಯಾಡ್ರಿ. ಅವರಿಗೆ ಹೇಳ್ರಿ."

ಕೊಡ ಹಿಡಿದು ನಿಂತಿದ್ದ ಮೂವತ್ತು ಹೆಂಗಸರ ಮುಂದೆ, ಅವರಲ್ಲಿ ಅರ್ಧಕ್ಕರ್ಧ ನಾನು ಸಹಿ ಮಾಡಿದ ಪುಸ್ತಕಗಳ ಹೆಂಗಸರು, ನಾನು ನನ್ನ ಹೆಸರು ಹೇಳಿ, ಮಾಡಿದ್ದನ್ನು ಹೇಳಿದೆ. ಹೋಗ್ಲಿ ಬಿಡ್ರಿ ಎಂದು ಗಂಗಾ ಅನ್ನುತ್ತಾಳೇನೋ ಎಂದು ಕಾದೆ. ಅವಳು ಅನ್ನಲಿಲ್ಲ.