ಲಕ್ಷ್ಮಿ ಕೂರಿಸುವ ವಾರದ ಉಸಿರು

ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ, ಹತ್ತು ಕಿಲೋಮೀಟರ್ ಓಟ ಭಾನುವಾರ. ನಲವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಹೆಸರು ಕೊಟ್ಟಿದ್ದೆ. ಐದು ತಿಂಗಳಿಂದ ಬಸವೇಶ್ವರನಗರದ ಏರುರಸ್ತೆಗಳಲ್ಲಿ ಓಡಿ ಕಾಲು ಗಟ್ಟಿ ಮಾಡಿಕೊಂಡವಳು, ಹಬ್ಬಕ್ಕೆ ಐದು ದಿನವಿರುವಾಗ ಪಾರ್ಕಿನ ಎರಡನೇ ಸುತ್ತಿಗೇ ಏದುಸಿರು ಬಿಡುತ್ತಾ ಬೆಂಚಿನ ಮೇಲೆ ಕುಳಿತೆ.

"ವಯಸ್ಸಾಯ್ತು ಕಣೇ, ವಾಕಿಂಗ್ ಸಾಕು," ಎಂದರು ನನ್ನವರು. ಸೋಫಾದಿಂದ ಫ್ರಿಜ್‌ವರೆಗೆ ನಡೆಯುವವರ ಸಲಹೆ. ಮೈ ಉರಿಯಿತು. ಆದರೂ ಹೆದರಿಕೆಯಾಗಿ ಗೋವಿಂದರಾಜನಗರದ ಡಾಕ್ಟರಮ್ಮನ ಬಳಿ ಹೋದೆ.

"ಏನಾದ್ರೂ ಮಾತ್ರೆ ತಗೋತಾ ಇದೀರಾ?"

ತೆಗೆದುಕೊಳ್ಳುತ್ತಿದ್ದೆ. ಹಬ್ಬದ ದಿನ ಮುಟ್ಟಾಗದಿರಲೆಂದು ಮುಂದೂಡುವ ಮಾತ್ರೆ. ಅಕ್ಕಪಕ್ಕದವರನ್ನು ನೋಡಿ ಕಲಿತದ್ದು. ಮದುವೆಯಾದಾಗಿನಿಂದ ಪ್ರತಿ ವರ್ಷ ಈ ಹಬ್ಬಕ್ಕೆ ಮನೆಯಲ್ಲಿ ಯಾರಿಗೂ ಹೇಳದೆ ನುಂಗಿದ್ದೇನೆ.

"ಅದ್ರಲ್ಲಿರೋದು ಹಾರ್ಮೋನೇ. ಗರ್ಭನಿರೋಧಕ ಮಾತ್ರೆಗಳಲ್ಲೂ ಅದೇ ಜಾತಿದು ಇರತ್ತೆ. ಕೆಲವರಿಗೆ ಉಸಿರಾಟ ಜಾಸ್ತಿ ಮಾಡಿಸ್ಬಹುದು, ಓಡುವಾಗ ದಮ್ಮು ಸಾಲ್ದು ಅನ್ಸತ್ತೆ. ಮುಟ್ಟಿನ ಹಿಂದಿನ ವಾರನೂ ಹಾಗಾಗೋರಿದಾರೆ. ನಿಮ್ಮ ಶ್ವಾಸಕೋಶ ಚೆನ್ನಾಗಿದೆ. ಮಾತ್ರೆ ಬಿಟ್ಟು ನೋಡಿ."

ಬಿಟ್ಟರೆ ಹಬ್ಬದ ದಿನವೇ ಮುಟ್ಟು, ಬಿಡದಿದ್ದರೆ ಓಟವಿಲ್ಲ. ಹಬ್ಬಕ್ಕೆಂದು ದಾವಣಗೆರೆಯಿಂದ ಬಂದಿದ್ದ ಅತ್ತೆಗೆ ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿ, "ಈ ಸಲ ಲಕ್ಷ್ಮೀನ ನೀವೇ ಕೂರಿಸಿ," ಎಂದೆ.

ಅತ್ತೆ ಕಾಯಿ ತುರಿಯುವುದನ್ನು ನಿಲ್ಲಿಸಿದರು. "ಕೊರಳಾಗ ಲಿಂಗ ಇಟ್ಕೊಂಡು ಮುಟ್ಟಿಗೆ ಹೆದರ್ತೀಯೇನವ್ವಾ? ನಮ್ಮಲ್ಲಿ ಆ ಮೈಲಿಗೆ ಎಲ್ಲೈತಿ? ನಮ್ಮವ್ವ ಆ ದಿನದಾಗೂ ಪೂಜೆ ಬಿಡ್ತಿರಲಿಲ್ಲ."

ಹದಿನೇಳು ವರ್ಷ, ನಮ್ಮ ಮನೆಯಲ್ಲಿ ಇಲ್ಲದ ಮೈಲಿಗೆಗೆ ಮಾತ್ರೆ ನುಂಗಿದ್ದೆ. ಅತ್ತೆಯನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಶುಕ್ರವಾರ ಮುಟ್ಟಾದೆ. ಲಕ್ಷ್ಮಿಗೆ ಸೀರೆ ಉಡಿಸಿದವಳೂ ನಾನೇ. ಕುಂಕುಮಕ್ಕೆ ಬಂದ ಪಕ್ಕದ ಮನೆಯವರು, "ಪ್ರತಿ ವರ್ಷ ನಿಮಗೆ ಡೇಟು ಸರಿಯಾಗಿ ಹೊಂದ್ಕೊಳ್ಳತ್ತಲ್ಲ," ಎಂದರು.

"ಈ ಸಲ ಇಲ್ಲ ಆಂಟಿ, ಆಗಿದೀನಿ," ಎಂದೆ. ಅವರು ಒಮ್ಮೆ ಲಕ್ಷ್ಮಿಯತ್ತ, ಒಮ್ಮೆ ನನ್ನತ್ತ ನೋಡಿ ಒಬ್ಬಟ್ಟು ಮುಗಿಸಿದರು.

ಭಾನುವಾರ ಏಳನೇ ಕಿಲೋಮೀಟರಿನ ಏರಿನಲ್ಲೂ ನಾನು ನಿಲ್ಲಲಿಲ್ಲ. ಉಸಿರು ನನ್ನ ಮಾತು ಕೇಳುತ್ತಿತ್ತು. ಮುಗಿಸಿ ಬಂದಾಗ ಅತ್ತೆ, ಗುರುತಿಲ್ಲದ ನಾಲ್ವರು ಗಂಡಸರ ನಡುವೆ ನಿಂತು ನನ್ನತ್ತ ಕೈ ತೋರಿಸುತ್ತಿದ್ದರು.

"ನನ್ನ ಸೊಸಿ ನೋಡ್ರಿ. ಮುಟ್ಟಿನ ಮೂರನೇ ದಿನ, ಹತ್ತು ಕಿಲೋಮೀಟರ್."

ಈ ಸಲ ನಾನು ತಲೆ ತಗ್ಗಿಸಲಿಲ್ಲ.