ಗೇಣುದ್ದದ ಕುದುರೆಗೆ ಲಗಾಮು ಹುಡುಕುತ್ತ

ಸೇಡಂನಲ್ಲಿ ವಾಡಿ ಕಡೆಯ ಪ್ಯಾಸೆಂಜರ್ ರೈಲು ಹತ್ತಿದಾಗ ನನ್ನ ಚೀಲದಲ್ಲಿ ಜೋಳದ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಒಂದು ಕತ್ತರಿ, ಮತ್ತು ಟವೆಲ್ಲಿನಲ್ಲಿ ಸುತ್ತಿದ ಒಂದು ಕುದುರೆ ಇದ್ದವು. ಕುದುರೆ ಗೇಣುದ್ದದ್ದು, ಸಾಗವಾನಿಯದು. ನಮ್ಮ ಓಣಿಯ ಬಡಗಿ ಕೆತ್ತಿದ್ದು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ಮರುವರ್ಷದ ಚಳಿಗಾಲ. ಡಬ್ಬಿಯಲ್ಲಿದ್ದವರೆಲ್ಲ ಕಿವಿ ಮುಚ್ಚುವಂತೆ ಟವೆಲ್ಲು ಸುತ್ತಿಕೊಂಡಿದ್ದರು. ನನ್ನ ಟವೆಲ್ಲು ಮಾತ್ರ ಕುದುರೆಯ ಪಾಲಾಗಿತ್ತು.

ಈ ತಿರುಗಾಟಕ್ಕೆ ಕಾರಣ ನನ್ನ ಅಪ್ಪ. ಸೇಡಂ ಸ್ಟೇಷನ್ನಿನಿಂದ ಊರೊಳಕ್ಕೆ ಟಾಂಗಾ ಹೊಡೆಯುತ್ತಲೇ ಅವನು ಮುದುಕನಾದ. ಸೊಂಟ ಹಿಡಿದ ಮೇಲೆ ತನ್ನ ಹೆಣ್ಣುಗುದುರೆ ಚಂಪಿಯನ್ನು ಚಿಂಚೋಳಿಯ ಬಟ್ಟೆ ವ್ಯಾಪಾರಿಗೆ ಮಾರಿದ. ನಮ್ಮ ಮನೆತನದಲ್ಲಿ ಕುದುರೆ ಮಾರಿದರೂ ಲಗಾಮು ಕೊಡುವುದಿಲ್ಲ. ಬರೀ ಹಗ್ಗ ಹಾಕಿ ಕಳಿಸುತ್ತೇವೆ. ಲಗಾಮು ಮನೆಯಲ್ಲಿ ಉಳಿದರೆ ಮತ್ತೊಂದು ಕುದುರೆ ಬರುತ್ತದೆಂದು ನಂಬಿಕೆ. ಅಪ್ಪನಿಗೆ ಮತ್ತೊಂದು ಕುದುರೆ ಬೇಕಿರಲಿಲ್ಲ. ಚಂಪಿಯ ಲಗಾಮನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ, ಅಮಾವಾಸ್ಯೆಗೊಮ್ಮೆ ಎಣ್ಣೆ ಹಚ್ಚುತ್ತ, ಅವಳೇ ತಿರುಗಿ ಬರುತ್ತಾಳೆಂದು ಕಾಯುತ್ತಿದ್ದ. ಉಣ್ಣುವಾಗ ಹೊರಗೆ ಗಾಲಿ ಸದ್ದಾದರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಅದಕ್ಕೇ ಮರದ ಕುದುರೆ ಮಾಡಿಸಿದೆ. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಕಾಲು ಬರೋಬರಿ ಅದಾವ. ಆದ್ರ ಮೈಮ್ಯಾಲ ಸಾಮಾನ ಎಲ್ಲದನೋ? ಸಾಮಾನ ಇಲ್ಲದ ಕುದುರಿ ಅಂದ್ರ ಮಾರಿದ ಕುದುರಿ."

ನಾನು ದರ್ಜಿ. ಟಾಂಗಾದವನ ಮಗನಾಗಿಯೂ ಕುದುರೆಗೆ ಹೆದರುತ್ತಿದ್ದೆ. ಹೊಲಿಗೆ ಮಷಿನ್ನು ಒದೆಯುವುದಿಲ್ಲವೆಂದೇ ಆ ಕಸುಬಿಗೆ ಹೋದವನು. ಗೇಣುದ್ದದ ಕುದುರೆಗೆ ಲಗಾಮು, ಪಟ್ಟಿಯಂಥ ಸಾಮಾನು ಹೊಲಿಯುವುದೇನು ಮಹಾ ಎಂದುಕೊಂಡು, ಮೊಳೆಯ ಮೇಲಿನ ಲಗಾಮಿನಿಂದ ಒಂದು ಪಟ್ಟಿ ಕೇಳಿದೆ. "ಅದಕ್ಕ ಕೈ ಹಚ್ಚಬ್ಯಾಡ" ಎಂದ ಅಪ್ಪ. "ನಾಳಿ ಅಕಿ ಬಂದ್ರ ಏನ್ ಹಾಕ್ಲಿ?"

ಹೀಗಾಗಿ ಹೊರಗೆ ಹುಡುಕಬೇಕಾಯಿತು. ಚಿತ್ತಾಪುರದಲ್ಲಿ ಇಳಿದು ಚಪ್ಪಲಿ ಹೊಲಿಯುವವರ ಸಾಲಿಗೆ ಹೋದೆ. ನಾನು ಟವೆಲ್ಲು ಬಿಚ್ಚಿದ್ದನ್ನು ನೋಡಿ ಒಬ್ಬ ಮುದುಕ ಬೀಡಿ ಕೆಳಗಿಟ್ಟ.

"ಇದಕ್ಕೇನ್ರಿ, ಚಪ್ಪಲ್ ಹೊಲೀಬೇಕೇನು?"

"ಲಗಾಮು ಹೊಲೀಬೇಕ್ರಿ. ತೊಗಲು ತೆಳ್ಳಗ ಬೇಕು."

ಅವನು ಉಂಗುಟದ ಪಟ್ಟಿಯ ತೊಗಲು ಕೊಟ್ಟ. ಕುದುರೆಯ ಮುಖಕ್ಕೆ ಹಿಡಿದರೆ ಎತ್ತಿಗೆ ನೊಗ ಹೂಡಿದಂತೆ ಕಂಡಿತು. ತೊಗಲು ಹೆರೆಯುವ ರಂಪಿಯಿಂದ ಇನ್ನೂ ತೆಳ್ಳಗೆ ಮಾಡಿದ. ಮಡಚಿದ ಕೂಡಲೇ ಬಿರಿಯಿತು. "ಹೊಸಾ ತೊಗಲು ನೋಡ್ರಿ, ಇದಕ್ಕ ಭಾಳ ಸೊಕ್ಕಿರ್ತದ" ಎಂದು ನಕ್ಕ. ಕೊನೆಗೆ ದುಡ್ಡಿಡುವ ಹರಿದ ಪಾಕೀಟೊಂದರ ತುಂಡು ಕೊಟ್ಟ. ಅದು ತೆಳ್ಳಗಿತ್ತು, ಆದರೆ ಒಳಗೆ ಅರ್ಧ ಕಾಗದವೇ.

ವಾಡಿ ತಲುಪಿದಾಗ ಬಿಸಿಲೇರಿತ್ತು. ಸಿಮೆಂಟಿನ ಧೂಳು ಬೇವಿನ ಎಲೆಗಳ ಮೇಲೂ, ನನ್ನ ಮಿರ್ಚಿ ಭಜಿಯ ಮೇಲೂ ಸಮನಾಗಿ ಕೂತಿತ್ತು. ಆದರೆ ವಾಡಿ ನನಗೆ ಒಳ್ಳೆಯದನ್ನೇ ಮಾಡಿತು. ಸ್ಟೇಷನ್ನಿನ ಹೊರಗೆ ಗಡಿಯಾರ ರಿಪೇರಿಯವನ ಡಬ್ಬಿಯಲ್ಲಿ ಹೆಂಗಸರ ಕೈಗಡಿಯಾರದ ಹಳೆಯ ಬಕಲುಗಳು ಬಿದ್ದಿದ್ದವು, ಅಕ್ಕಿಕಾಳಿಗಿಂತ ತುಸು ದೊಡ್ಡವು. ಅವನಿಂದಲೇ ಹಿತ್ತಾಳೆ ತಂತಿ ತೆಗೆದುಕೊಂಡು, ಅಲ್ಲೇ ಕೂತು, ಕುದುರೆಯ ಬಾಯಿಗೆ ಕಡಿವಾಣ ಬಗ್ಗಿಸಿದೆ. ಅವನು ಕಣ್ಣಿಗೆ ಹಾಕಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆ ನೋಡಿದ. "ಹಲ್ಲ ಕೆತ್ತಿಲ್ಲೇನ್ರಿ ಇದಕ್ಕ?" ಎಂದು ಕೇಳಿದ.

ಅಲ್ಲಿಂದ ಶಹಾಬಾದಕ್ಕೆ ಹೋದೆ, ಅಕ್ಕ ಅಲ್ಲಿದ್ದಳು. ಮಗ್ಗುಲಲ್ಲೇ ಕಲ್ಲು ಕೊರೆಯುವ ಖಣಿ. ಮಾತಾಡಬೇಕೆಂದರೆ ಗರಗಸ ನಿಲ್ಲುವ ತನಕ ಕಾಯಬೇಕು. ಅಕ್ಕ ತನ್ನ ಮಗಳ ಹಳೆಯ ಕಾಲ್ಗೆಜ್ಜೆಯಿಂದ ನಾಲ್ಕು ಗೆಜ್ಜೆ ಬಿಚ್ಚಿಕೊಟ್ಟಳು. ಭಾವ ಕುದುರೆ ನಿಲ್ಲಲೆಂದು ಅಂಗೈಯಗಲದ ನುಣುಪು ಪರಸಿ ಕಲ್ಲು ತಂದರು. ಊಟವಾದ ಮೇಲೆ ಅಕ್ಕ ಕುದುರೆಯ ಹಿಂಭಾಗದ ತೂತು ತೋರಿಸಿದಳು.

"ಬಾಲ ಎಲ್ಲದೋ?"

"ಸೆಣಬು ಹಾಕಿದ್ದೆ. ಚೀಲದ ಬಾಲ ಅಂತ ಅಪ್ಪ ಕಿತ್ತು ಒಗದ."

"ಮತ್ತ ಚಿಂಚೋಳಿ ಏನು ಸಮುದ್ರದ ಆಚಿಗಿ ಅದನು? ಚಂಪಿ ಬಾಲದ್ದೇ ತಗೊಂಡು ಹೋಗು. ಅಕಿ ಹೆಂಗದಾಳ ಅಂತನೂ ನೋಡಿ ಬಾ. ಅಪ್ಪಗ ಅದೇ ಬೇಕಾಗ್ಯದ, ಕೇಳಾಕ ಆಗವಲ್ದು."

ಅಕ್ಕ ಹೇಳಿದ್ದು ಖರೆ ಎಂದು ನನಗೆ ಗೊತ್ತಿತ್ತು. ನಾನು ಹೆದರಿದ್ದು ಕುದುರೆಗಷ್ಟೇ ಅಲ್ಲ. ಚಂಪಿ ಸೊರಗಿದ್ದರೆ ಅಪ್ಪನಿಗೆ ಏನು ಹೇಳಲಿ?

ಮರುದಿನ ಸೇಡಂಗೆ ಮರಳಿ, ಮನೆಗೆ ಹೋಗದೆ ನೇರವಾಗಿ ಚಿಂಚೋಳಿ ಬಸ್ಸು ಹತ್ತಿದೆ. ಕಲ್ಲಿನ ತೂಕಕ್ಕೆ ಚೀಲದ ಪಟ್ಟಿ ಭುಜ ಕೊರೆಯುತ್ತಿತ್ತು. ದಾರಿಯುದ್ದಕ್ಕೂ ತೊಗರಿ ಹೊಲಗಳು. ಚಿಂಚೋಳಿ ಹತ್ತಿರವಾದಂತೆ ಗುಡ್ಡದ ಸಾಲು ಎದ್ದಿತು, ಬಸ್ಸಿನೊಳಗೆ ತೆಲುಗು ಮಾತು ಹೆಚ್ಚಾಯಿತು.

ವ್ಯಾಪಾರಿ ಮಾಣಿಕಪ್ಪನ ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ ಇತ್ತು. ಅವನು ಬಟ್ಟೆಗಂಟುಗಳನ್ನು ಚಂಪಿಯ ಮೇಲೆ ಹೇರಿಕೊಂಡು ಕುಂಚಾವರಂ ಕಡೆಯ ಹಳ್ಳಿಗಳಲ್ಲಿ ಮಾರುವವನು. ನಾನು ಯಾರೆಂದು ತಿಳಿದ ಕೂಡಲೇ ಅವನ ಮುಖ ಗಂಟಾಯಿತು.

"ತಿರುಗಿ ಕೇಳಾಕ ಬಂದೀರೇನ್ರಿ? ಕೊಡಂಗಿಲ್ಲ ನೋಡ್ರಿ."

"ಇಲ್ರಿ, ಬಾಲದ್ದು ನಾಕು ಕೂದಲ ಸಾಕು" ಎಂದೆ. ಚೀಲದಿಂದ ಕುದುರೆ ತೆಗೆದು ತೋರಿಸಿದ ಮೇಲೆ ನಂಬಿದ. "ಕುಂದ್ರಿ, ಮೊದಲು ಚಾ ಕುಡೀರಿ" ಎಂದು ಒಳಗೆ ಕೂಗಿದ.

ಹಿತ್ತಲಲ್ಲಿ ಚಂಪಿ ಹುಲ್ಲು ಮೇಯುತ್ತಿದ್ದಳು. ಸೊರಗುವುದೆಲ್ಲಿ ಬಂತು, ಹೊಟ್ಟೆ ದುಂಡಗಾಗಿತ್ತು, ಮೈ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು. ಮುಖಕ್ಕೆ ಕೆಂಪು ನೂಲಿನ ಹೊಸ ಲಗಾಮು. ನಾನು ಅಪ್ಪನ ದನಿಯಲ್ಲಿ "ಚಂಪೀ" ಎಂದು ಕರೆದೆ. ಒಂದು ಕಿವಿ ನನ್ನ ಕಡೆ ತಿರುಗಿತು, ಮತ್ತೆ ಮೇಯತೊಡಗಿದಳು. ಮಾಣಿಕಪ್ಪ ತೆಲುಗಿನಲ್ಲಿ ಹುಡುಗಿಯನ್ನು ಕರೆಯುವಂತೆ "ಪಿಲ್ಲಾ" ಎಂದ. ಹುಲ್ಲು ಬಿಟ್ಟು ಹೋಗಿ ಅವನ ಹೆಗಲಿಗೆ ಮೂತಿ ಒರಸಿದಳು. ಸಂತೋಷಪಡಬೇಕಾದ ಜಾಗದಲ್ಲಿ ನನಗೆ ಅಳು ಬಂತು. ಕೂದಲು ಕತ್ತರಿಸಲು ನಾನು ಹಿಂಗಾಲಿನ ಹತ್ತಿರ ಹೋಗದೆ ದೂರವೇ ನಿಂತದ್ದನ್ನು ಕಂಡು ಮಾಣಿಕಪ್ಪನೇ ಕತ್ತರಿ ಇಸಿದುಕೊಂಡ.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅಪ್ಪ ಬಕಲುಗಳನ್ನು ನೋಡಿದ, ಗೆಜ್ಜೆ ಅಲುಗಿಸಿದ, ಪಾಕೀಟಿನ ತುಂಡನ್ನು ಉಗುರಿನಿಂದ ಕೆರೆದು ಬದಿಗಿಟ್ಟ. ನಾನು ಕೂದಲ ಪೊಟ್ಟಣ ಬಿಚ್ಚಿದೆ. ಯಾರದೆಂದು ಹೇಳಬೇಕಾಗಲಿಲ್ಲ. ಅಪ್ಪ ಮೂಗಿನ ಹತ್ತಿರ ಹಿಡಿದು ಮೂಸಿದ.

"ಹೆಂಗ ಅದಾಳೋ?"

"ಚೆಂದ ಅದಾಳಪ್ಪ. ಮೈ ತುಂಬ್ಯಾಳ."

"ಬಾಯಿ ಹುಣ್ಣಾಗ್ಯದೇನು?"

"ಇಲ್ಲ. ನೂಲಿನ ಲಗಾಮು ಹಾಕ್ಯಾನ, ಮೆತ್ತಂದು."

"ಕರದಿ?"

ಸುಳ್ಳು ಬಾಯಿತನಕ ಬಂದಿತ್ತು. "ಕರದೆ. ಒಂದು ಕಿವಿ ತಿರುಗಿಸಿದಳು. ಬರಲಿಲ್ಲ. ಆತ ಕರದ್ರ ಹೋದಳು."

ಅಪ್ಪ ಸೊಂಟ ಹಿಡಿದುಕೊಂಡು ಎದ್ದ. ಗೋಡೆ ಹಿಡಿಯುತ್ತ ಬಾಗಿಲಿನ ತನಕ ನಡೆದು, ಮೊಳೆಯಿಂದ ಲಗಾಮು ತೆಗೆದು ತಂದು ನನ್ನ ತೊಡೆಯ ಮೇಲಿಟ್ಟ.

"ಕೆನ್ನಿಪಟ್ಟಿ ಒಳಗಿನ ಪದರ ಬಿಚ್ಚು. ತೆಳ್ಳಗದ, ಮೆತ್ತಗದ. ಕತ್ತರಿಸು."

ಎಣ್ಣೆ ಕುಡಿದೂ ಕುಡಿದೂ ಆ ತೊಗಲು ಬಟ್ಟೆಯಂತೆ ಮಡಚುತ್ತಿತ್ತು. ಮೂರು ದಿನ ಕೂತು ಹೊಲಿದೆ. ಅಪ್ಪ ಪಕ್ಕದಲ್ಲೇ ಕೂತು ಬಕಲು ಎಲ್ಲಿ ಬರಬೇಕೆಂದು ಬೆರಳಿಟ್ಟು ತೋರಿಸಿದ, ತಪ್ಪಿದಾಗ ಬೈದ. ಈಗ ಕುದುರೆ ಶಹಾಬಾದದ ಕಲ್ಲಿನ ಮೇಲೆ, ಗೋಡೆಯಲ್ಲಿನ ದೇವರ ಮಾಡದ ಕೆಳಗೆ, ಚಂಪಿಯ ಬಾಲ ಬಿಟ್ಟುಕೊಂಡು ನಿಂತಿದೆ.

ಬಾಗಿಲ ಪಕ್ಕದ ಮೊಳೆ ಎರಡು ದಿನ ಖಾಲಿ ಇತ್ತು. ಮೂರನೆಯ ದಿನ ಅಪ್ಪ ಅದಕ್ಕೆ ತನ್ನ ರುಮಾಲು ತೂಗುಹಾಕಿ, ಕೈತೊಳೆದು ಊಟಕ್ಕೆ ಕೂತ.