ವಾಸಣ್ಣನ ಯೊಕೊಹಾಮಾ

"ಕಿವಿ ತೋರಿಸಿ."

ವಾಸಣ್ಣ ಯಾರನ್ನೇ ಆಗಲಿ ಮೊದಲು ಮಾತಾಡಿಸುತ್ತಿದ್ದದ್ದು ಹೀಗೆ. ಕೊಲ್ಲಿ ನಾಡಿನಲ್ಲಿ ನಮ್ಮಂಥವರ ವಾಸಕ್ಕೆ ಬೇಕಾದ ಇಕಾಮಾ ಕಾಗದಕ್ಕೆ ಅಂಟಿಸುವ ಫೋಟೋದಲ್ಲಿ ಎರಡೂ ಕಿವಿ ಕಾಣಬೇಕಿತ್ತು. ಮಿರ್ಕಾಬ್ ಬಡಾವಣೆಯ ಅವರ ಸ್ಟುಡಿಯೋದಲ್ಲಿ ಇದ್ದದ್ದು ಒಂದು ಕುರ್ಚಿ, ಒಂದು ಬಿಳಿ ಪರದೆ, ಮೊಳೆಗೆ ತೂಗುಹಾಕಿದ ಒಂದು ಕಪ್ಪು ಕೋಟು. ಇಂಜಿನಿಯರ್ ಬಂದರೂ ಅದೇ ಕೋಟು, ಅರ್ದಿಯಾದ ಗೋದಾಮಿನಲ್ಲಿ ಮೂಟೆ ಹೊರುವವರು ಬಂದರೂ ಅದೇ. ಎರಡು ನಿಮಿಷಕ್ಕೆ ಖಲಾಸ್.

ನಾನು ಅಲ್ಲೇ ಹತ್ತಿರದ ಬ್ಯಾಂಕಿನಲ್ಲಿದ್ದೆ. ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ, ಯಾರು ಏನು ಹೇಳಿದರೂ ಪುರಾವೆ ಕೇಳುವ ಚಟ ಹತ್ತಿಸಿಕೊಂಡಿದ್ದೆ. ಈಗ ಪುರಾವೆಯನ್ನು ನನ್ನ ನೆನಪಿನಿಂದಲೇ ಕೇಳಬೇಕಾಗಿದೆ. ಅವರ ಆಲ್ಬಮ್ಮನ್ನು ನಾನು ಮೊದಲು ನೋಡಿದ್ದು ಎಪ್ಪತ್ತೈದರಲ್ಲೋ ಎಪ್ಪತ್ತೇಳರಲ್ಲೋ ಹೇಳಲಾರೆ. ಹೊರಗೆ ಧೂಳು ಎದ್ದಿತ್ತು, ಗಿರಾಕಿ ಇರಲಿಲ್ಲ ಎನ್ನುವುದಷ್ಟೇ ಖಚಿತ.

ಆಲ್ಬಮ್ಮಿನಲ್ಲಿ ಹನ್ನೊಂದು ಚಿತ್ರಗಳಿದ್ದವು. ಹನ್ನೊಂದರಲ್ಲೂ ಅದೇ ಒಬ್ಬ ಹೆಂಗಸು, ಕೈಯಲ್ಲಿ ಕತ್ತರಿ. ಒಂದರಲ್ಲಿ ಬೀದಿಯಲ್ಲೇ ಕುರ್ಚಿ, ಕಂಬಕ್ಕೆ ಕಟ್ಟಿದ ಒಡಕು ಕನ್ನಡಿ. ಇನ್ನೊಂದರಲ್ಲಿ ಹಲಗೆಯ ಅಂಗಡಿ. ಮತ್ತೊಂದರಲ್ಲಿ ಗಾಜಿನ ಬಾಗಿಲು, ಮಾಡಿನ ಮೇಲೆ ಟೀವಿಯ ಆಂಟೆನಾ.

"ಯೊಕೊಹಾಮಾ," ಎಂದರು ವಾಸಣ್ಣ. "ಬಂದರಿನ ಹಿಂದಿನ ಓಣಿ. ನಾನು ಹಡಗಿನಲ್ಲಿ ಅಡಿಗೆಗೆ ಇದ್ದದ್ದಲ್ವಾ, ಬೊಂಬಾಯಿಯಿಂದ ಹೋಗುವುದು. ಅಲ್ಲಿ ಹೋದಾಗೆಲ್ಲ ಇವಳ ಹತ್ತಿರ ಕ್ಷೌರಕ್ಕೆ ತಲೆ ಕೊಡುವುದು, ಇವಳ ಒಂದು ಫೋಟೋ ತೆಗೆಯುವುದು. ಹತ್ತು ವರ್ಷ."

"ಯಾವುದೋ ಜಪಾನಿ ಪತ್ರಿಕೆಯಿಂದ ತೆಗೆದದ್ದಲ್ಲ ತಾನೆ?"

"ಹಿಂದೆ ನೋಡಿ."

ಪ್ರತಿ ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ: ಬಂಗುಡೆ ಪುಳಿಮುಂಚಿ. ಹುರುಳಿ ಸಾರು. ದಾಲ್, ಮೂಲಂಗಿ. ಆ ದಿನ ಹಡಗಿನಲ್ಲಿ ಮಾಡಿದ ಅಡಿಗೆ. ಇಸವಿ ಎಲ್ಲೂ ಇರಲಿಲ್ಲ.

ಇಸವಿಯಿಲ್ಲದಿದ್ದರೇನು, ಕ್ರಮ ನಾನು ಹಚ್ಚಿಕೊಡುತ್ತೇನೆ ಎಂದು ಹನ್ನೊಂದನ್ನೂ ಮೇಜಿನ ಮೇಲೆ ಹರಡಿದೆ. ಯುದ್ಧದಲ್ಲಿ ಸೋತು ಮೇಲೆದ್ದ ದೇಶದ ಕಥೆ ನನಗೆ ಪಾಠವಾಗಿತ್ತು. ಕಿಮೋನೋ ಉಟ್ಟು ಮರದ ಚಪ್ಪಲಿ ಹಾಕಿದ್ದ ಚಿತ್ರ ಮೊದಲು, ಅಂದರೆ ಹಳೆಯ ಜಪಾನ್. ಬೂಟು ಹಾಕಿದ್ದು ನಂತರ.

ವಾಸಣ್ಣ ನಕ್ಕುಬಿಟ್ಟರು. "ತಿರುಗಾಮುರುಗಾ ಮಾಡಿದ್ರಲ್ಲ ಮಾರಾಯ್ರೆ. ಆ ಬೂಟು ಸತ್ತ ಗಂಡನದ್ದು, ಮಿಲಿಟ್ರಿಯದ್ದು. ಕಾಲಿಗೆ ಬೇರೆ ಎಂತ ಇರಲಿಲ್ಲ ಅವಳಿಗೆ. ಕಿಮೋನೋ ಉಟ್ಟದ್ದು ಆಮೇಲೆ, ನಾಲ್ಕು ಕಾಸು ಆದ ಮೇಲೆ. ಎಂತ ಓದಿದ್ದು ನೀವು?"

ಓದಿದ್ದು ಎಂ.ಎ. ಎಂದು ಹೇಳುವ ಧೈರ್ಯ ಬರಲಿಲ್ಲ.

ಮಿರ್ಕಾಬಿನಲ್ಲಿ ಆಗ ಹಳೆಯ ಮಣ್ಣಿನ ಮನೆಗಳು ಒಂದೊಂದಾಗಿ ಬೀಳುತ್ತಿದ್ದವು. ಬೆಳಗ್ಗೆ ಕಂಡ ಗೋಡೆ ಸಂಜೆಗೆ ಇರುತ್ತಿರಲಿಲ್ಲ. ಈ ಮನೆ, ಕೆಡವುವ ಜನ, ಇದರದ್ದೂ ಫೋಟೋ ತೆಗೆಯಿರಿ ವಾಸಣ್ಣ, ಬಾಗಿಲಲ್ಲೇ ಇದೆಯಲ್ಲ ಎಂದೆ. ಅವರು ಡ್ರಾಯರಿನಿಂದ ಒಂದು ಕಂದು ಲಕೋಟೆ ತೆಗೆದು ತೋರಿಸಿದರು. ಬಾಯಿ ಅಂಟಿಸಿತ್ತು.

"ಇದು ಹನ್ನೆರಡನೆಯದ್ದು. ಅವಳಿಗೆ ಕೊಡ್ಲಿಕ್ಕೆ ಆಗಲೇ ಇಲ್ಲ. ಕಂಪೆನಿ ಹಡಗು ಮಾರಿತು, ನಾನು ಇಲ್ಲಿಗೆ ಬಂದೆ. ಒಬ್ಬರ ಮುಖ ತಕ್ಕೊಂಡ ಮೇಲೆ ಮೊದಲ ಪ್ರಿಂಟ್ ಅವರ ಕೈಗೆ ಹೋಗ್ಬೇಕು. ಅದು ಹೋಗದೆ ಇನ್ನೊಬ್ಬರ ಮುಖಕ್ಕೆ ಕ್ಯಾಮೆರಾ ಹಿಡೀಲಿಕ್ಕಿಲ್ಲ."

"ದಿನಾ ಇಕಾಮಾಗೆ ತೆಗೀತೀರಲ್ಲ?"

"ಅದು ಮುಖ ಅಲ್ಲ ಮಾರಾಯ್ರೆ. ಕಿವಿ."

ನಕ್ಕೆ. ಆದರೆ ಅವರು ನಗಲಿಲ್ಲ. ಕಪಾಟಿನಲ್ಲಿ ಬಟ್ಟೆ ಸುತ್ತಿಟ್ಟಿದ್ದ ಆ ಹಡಗಿನ ಕಾಲದ ಕ್ಯಾಮೆರಾವನ್ನು ತಿಂಗಳಿಗೊಮ್ಮೆ ಒರೆಸಿ ಮತ್ತೆ ಒಳಗಿಡುತ್ತಿದ್ದರು. ಹನ್ನೆರಡು ಹದಿಮೂರು ವರ್ಷ ಹೀಗೇ ಕಳೆದಿತ್ತು.

ನಮ್ಮ ಬ್ಯಾಂಕಿಗೆ ಮೊರಿ ಎಂಬ ಜಪಾನಿ ಇಂಜಿನಿಯರ್ ಬರುತ್ತಿದ್ದರು. ಕಡಲ ನೀರನ್ನು ಸಿಹಿ ಮಾಡುವ ಸ್ಥಾವರದ ಕೆಲಸ, ಫಿಂಟಾಸಿನಲ್ಲಿ ಮನೆ. ಅವರು ರಜೆಗೆ ಊರಿಗೆ ಹೊರಟಿದ್ದಾರೆಂದು ತಿಳಿದು ವಾಸಣ್ಣನ ಬಳಿ ಕರೆದುಕೊಂಡು ಹೋದೆ. ಲಕೋಟೆ ತಲುಪಲಿ ಎಂಬುದರ ಜೊತೆಗೆ ಪುರಾವೆ ಸಿಗಲಿ ಎಂಬ ಆಸೆಯೂ ಇತ್ತು, ಮುಚ್ಚಿಡುವುದಿಲ್ಲ. ಮೊರಿ ಆಲ್ಬಮ್ಮನ್ನು ನಿಂತುಕೊಂಡೇ ನೋಡಿದರು. ಕಿಮೋನೋದ ಚಿತ್ರ ಬಂದಾಗ ಕೂತರು. ಅವರ ತಾಯಿ ಯುದ್ಧ ಮುಗಿದ ಮೇಲೆ ತಮ್ಮ ಕಿಮೋನೋಗಳನ್ನೆಲ್ಲ ಹಳ್ಳಿಗೆ ಒಯ್ದು ಅಕ್ಕಿಗೆ ಕೊಟ್ಟು ಬಂದಿದ್ದರಂತೆ. ಮತ್ತೆ ಒಂದು ಹೊಲಿಸಿಕೊಳ್ಳುವಷ್ಟರಲ್ಲಿ ಮೊರಿ ಹೈಸ್ಕೂಲಿಗೆ ಬಂದಿದ್ದರು. ವಾಸಣ್ಣ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ.

ವಿಳಾಸ ಇರಲಿಲ್ಲ. ವಾಸಣ್ಣ ಬಿಲ್ಲಿನ ಹಿಂದೆ ನಕ್ಷೆ ಬರೆದರು: ಬಂದರಿನ ಗೇಟು, ಕಬ್ಬಿಣದ ಸೇತುವೆ, ಮೀನಂಗಡಿ, ಸ್ನಾನದ ಮನೆಯ ಹೊಗೆಕೊಳವೆ. ಮೊರಿ ತಲೆಯಾಡಿಸಿ, ಇವುಗಳಲ್ಲಿ ಒಂದಾದರೂ ಉಳಿದಿದ್ದರೆ ನನ್ನ ಅದೃಷ್ಟ ಎಂದರು.

ಮುಂದಿನ ಐದಾರು ವಾರ ವಾಸಣ್ಣ ಕಿವಿಗಳನ್ನೂ ಸರಿಯಾಗಿ ತೆಗೆಯಲಿಲ್ಲ. ಒಬ್ಬ ಮಲಯಾಳಿ ಗಿರಾಕಿ, "ಚೇಟ್ಟಾ, ಇದರಲ್ಲಿ ನನಗೆ ಒಂದೇ ಕಿವಿ," ಎಂದು ಫೋಟೋ ವಾಪಸು ತಂದಿದ್ದ.

ಮೊರಿ ವಿಮಾನ ಇಳಿದ ಮರುದಿನವೇ ಬಂದರು. ಸೇತುವೆ ಇರಲಿಲ್ಲ, ಮೀನಂಗಡಿಯ ಜಾಗದಲ್ಲಿ ಕಾರು ನಿಲ್ಲಿಸುತ್ತಿದ್ದರು. ಹೊಗೆಕೊಳವೆ ಮಾತ್ರ ಸಿಕ್ಕಿತು. ಅದರ ಕೆಳಗೆ ವಿಚಾರಿಸಿದಾಗ, ಎರಡು ಬೀದಿ ಆಚೆ, ಮಗಳ ಅಂಗಡಿಯಲ್ಲಿ ಮುದುಕಿ ಸಿಕ್ಕಿದಳು. ಚಿತ್ರ ನೋಡಿ, ಆ ದಿನ ನಾನು ತಲೆಯನ್ನೇ ಬಾಚಿಕೊಂಡಿರಲಿಲ್ಲ, ಆ ಅಡಿಗೆಯವನಿಗೆ ಒಂದು ನಿಮಿಷ ತಡೆಯಲಾಗಲಿಲ್ಲವೇ ಎಂದಳಂತೆ. ಆಮೇಲೆ ಮೊರಿಯ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳಂತೆ.

ವಾಸಣ್ಣ ಮೊರಿಯ ಹಿಂದಕ್ಕೆ ಹೋಗಿ ನಿಂತರು. ಕತ್ತಿನ ಮೇಲೆ, ಕೂದಲು ಮುಗಿಯುವಲ್ಲಿ, ಮುಟ್ಟದೆ ಬೆರಳಾಡಿಸಿದರು.

"ಅವಳೇ," ಎಂದರು. "ಇಲ್ಲಿ ಮೂಲೆ ಮಾಡದೆ ಉರುಟು ಬಿಡುವವಳು ಅವಳೊಬ್ಬಳೇ. ಕೈ ಇನ್ನೂ ನಡುಗುವುದಿಲ್ಲ ಅವಳಿಗೆ, ನೋಡಿ."

ಆ ಹನ್ನೆರಡನೆಯ ಚಿತ್ರದ ಇನ್ನೊಂದು ಪ್ರಿಂಟನ್ನು ಅವರು ಆಮೇಲೆ ಮಾಡಿದರು. ಹೊಸ ಕಟ್ಟಡ, ಮೂರು ಕುರ್ಚಿ, ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಹೆಂಗಸು. ಅದನ್ನು ನಾನು ನಿಜವಾಗಿ ನೋಡಿದೆನೋ, ಅವರ ಬಾಯಿಂದ ಕೇಳಿ ಕಟ್ಟಿಕೊಂಡೆನೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಮೊರಿ ಬಂದ ದಿನ ನಡುಮಧ್ಯಾಹ್ನ ಅವರು ಸ್ಟುಡಿಯೋದ ಶಟರ್ ಎಳೆದದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ಕ್ಯಾಮೆರಾದ ಬಟ್ಟೆ ಬಿಚ್ಚಿ, "ಯಲ್ಲಾ, ನಡೀರಿ," ಎಂದು ಬಿಸಿಲಿಗೆ ಇಳಿದರು. ಅರ್ಧ ಬಿದ್ದ ಮನೆಯ ಮುಂದೆ ಬುಟ್ಟಿ ಹೊತ್ತು ನಿಂತಿದ್ದ ಕೆಲಸಗಾರರಿಗೆ ಕೈ ಬೀಸಿದರು. ಅವರು ಅಭ್ಯಾಸಬಲದಿಂದ ಕೂದಲು ಸರಿಸಿ ಕಿವಿ ತೋರಿಸಿದರು. "ಬೇಡ ಭಾಯಿ, ಇವತ್ತು ಕಿವಿ ಬೇಡ," ಎಂದರು ವಾಸಣ್ಣ.

ಮುಂದಿನ ಏಳೆಂಟು ವರ್ಷ ಅವರು ಮಿರ್ಕಾಬಿನ ಚಿತ್ರ ತೆಗೆದರು. ವಾರವಿಡೀ ಕಿವಿ, ರಜೆಯ ಶುಕ್ರವಾರ ಮುಖ. ಎಂಬತ್ತರ ದಶಕದ ನಡುವಿನಲ್ಲಿ ಊರಿಗೆ ಮರಳಲು ಟಿಕೇಟು ಮಾಡಿಸಿದಾಗ ತಲುಪದೆ ಉಳಿದ ಪ್ರಿಂಟುಗಳು ಒಂದು ಚೀಲದ ತುಂಬ ಇದ್ದವು. ಕಟ್ಟಡ ಕೆಡವುವವರು ಒಂದೇ ಕಡೆ ನಿಲ್ಲುವವರಲ್ಲ, ಅವರಿಗಾಗಿ ಕಾದರೆ ಗೋಡೆ ಕಾಯುವುದಿಲ್ಲ ಎಂದು ವಾಸಣ್ಣ ತಮ್ಮ ನಿಯಮವನ್ನು ಸಡಿಲಿಸಿದ್ದರು: ಇಲ್ಲಿಂದ ಹೊರಡುವ ಮೊದಲು ಎಲ್ಲರ ಕೈಗೂ ಹೋದರೆ ಸಾಕು. ಹೊರಡುವ ಮುಂಚಿನ ಶುಕ್ರವಾರ ನನ್ನ ಕಾರಿನಲ್ಲಿ ಅರ್ದಿಯಾಕ್ಕೆ ಹೋದೆವು. ಕೆಲಸಗಾರರ ವಸತಿಯ ಅಂಗಳದಲ್ಲಿ ಚೀಲ ಬಿಚ್ಚಿ ಒಂದೊಂದೇ ಚಿತ್ರ ಎತ್ತಿ ಹಿಡಿದರು. ಅರ್ಧ ಗಡ್ಡ ಹೆರೆದವರು, ಸೋಪು ಬಳಿದುಕೊಂಡವರು, ಎಲ್ಲರೂ ಸುತ್ತ ನೆರೆದರು. ಒಬ್ಬನ ಚಿತ್ರ ಬಂದರೆ ಉಳಿದವರೆಲ್ಲ ಅವನ ಬೆನ್ನಿಗೆ ಗುದ್ದುತ್ತಿದ್ದರು.

ಬಹಳ ಹೊತ್ತಾಯಿತು. ನನ್ನನ್ನು ಮನೆಯಲ್ಲಿ ಕಾಯುತ್ತಿದ್ದರು. ಹೊರಡೋಣವೇ ಎಂದು ಸನ್ನೆ ಮಾಡಿದೆ.

ವಾಸಣ್ಣ ತಲೆ ಎತ್ತಿದರು. "ನೀವು ಹೋಗಿ ಮಾರಾಯ್ರೆ. ನಾನು ಬಸ್ಸಿಗೆ ಬರ್ತೇನೆ. ನಾಲ್ಕು ಮಂದಿ ಸ್ನಾನಕ್ಕೆ ಹೋಗಿದ್ದಾರಂತೆ."